ಸ್ಯಾದ್ವಾದವೂ ಡಿಕ್ಕಿಯೊಳಗಿನ ಆಂಪ್ಲಿಫಯರೂ: ಒಂದು ಶಾಸ್ತ್ರವಿಚಾರ

ಮೂಡುಬಿದಿರೆಯಲ್ಲಿ ಶತಮಾನಗಳಿಂದ ಕಾದಿಟ್ಟ ಧವಲ, ಜಯಧವಲ, ಮಹಾಧವಲಗಳ ತಾಳೆಗರಿಗಳಲ್ಲಿ ಕಾರಿನ ಆಂಪ್ಲಿಫಯರಿನ ಪ್ರಸ್ತಾಪವಿಲ್ಲ. ಇದು ಲಿಪಿಕಾರರ ಅಲಕ್ಷ್ಯವೇ ಹೊರತು ವಿಷಯದ ಅಲ್ಪತೆಯಲ್ಲ. ಆ ಕೊರತೆಯನ್ನು ತುಂಬಲು ಈ ಪ್ರಬಂಧ ಹೊರಟಿದೆ. ಅಧ್ಯಯನಕ್ಷೇತ್ರ: ಪಶ್ಚಿಮಕ್ಕೆ ಬಿ.ಸಿ.ರೋಡ್, ಪೂರ್ವಕ್ಕೆ ಚಾರ್ಮಾಡಿ ಘಾಟಿಯ ಬುಡ, ಉತ್ತರಕ್ಕೆ ಮೂಡುಬಿದಿರೆ. ದಕ್ಷಿಣದ ಗಡಿಯ ಬಗ್ಗೆ ವಿವಾದವಿದೆ. ಪುತ್ತೂರಿನವರು ಬೇರೆ ಮತದವರು.

ಹಾಳಾದ ಆಂಪಿನ ವರ್ಣನೆಗೆ ಜೈನ ತರ್ಕದ ಸಪ್ತಭಂಗಿಯೊಂದೇ ಸಾಕಾಗುತ್ತದೆ. ಮನೆಯಂಗಳದಲ್ಲಿ ಹಾಡುತ್ತದೆ: ಸ್ಯಾದಸ್ತಿ. ಮೊದಲ ಹಂಪಿನಲ್ಲಿ ಸುಮ್ಮನಾಗುತ್ತದೆ: ಸ್ಯಾನ್ನಾಸ್ತಿ. ವೇಣೂರಿನವರೆಗೆ ಒಮ್ಮೆ ಹಾಡಿ ಒಮ್ಮೆ ನಿಂತು ಸಾಗುತ್ತದೆ: ಅಸ್ತಿ-ನಾಸ್ತಿ. ನಾಲ್ಕನೆಯದು ಅವಕ್ತವ್ಯ. ಇದಕ್ಕೆ ಪ್ರಮಾಣ, ಅಂಗಡಿಯ ಬಾಗಿಲಲ್ಲಿ ನಿತ್ಯ ಕೇಳಿಬರುವ ಸಂವಾದ: "ಎಂತ ಆಗ್ತದೆ?" "ಎಂತದೋ ಆಗ್ತದೆ ಮಾರಾಯ್ರೆ." ಹಾಡಿನ ಜತೆ ಆಕ್ಸಿಲರೇಟರ್ ಒತ್ತಿದಷ್ಟೂ ಏರುವ 'ಕುಂಯ್' ರಾಗ ಐದನೆಯದು, ಹಾಡಿಲ್ಲದೆ ಕೆಂಪು ಪ್ರೊಟೆಕ್ಟ್ ಲೈಟು ಮಾತ್ರ ಉರಿಯುವುದು ಆರನೆಯದು. ಎಡಗಡೆ ಹಾಡು, ಬಲಗಡೆ ಮೌನ, ಡಿಕ್ಕಿಯಲ್ಲಿ ಸುಟ್ಟ ವಾಸನೆ, ಇದು ಏಳನೆಯ ಭಂಗಿ. ಎಂಟನೆಯದಿಲ್ಲ, ಬೆಂಕಿ ಹೊತ್ತಿದ ಮೇಲೆ ತರ್ಕಕ್ಕೆ ಅವಕಾಶವಿಲ್ಲವಾದ್ದರಿಂದ.

ವಾಟ್ ನಿರ್ಣಯ. ಪೆಟ್ಟಿಗೆಯ ಮೇಲೆ 1000 ವಾಟ್ ಎಂದಿರುತ್ತದೆ, ಪಕ್ಕದಲ್ಲಿ 30 ಆಂಪಿಯರಿನ ಫ್ಯೂಸ್ ಇರುತ್ತದೆ. ಇಂಜಿನ್ ಓಡುವಾಗಿನ 13.8 ವೋಲ್ಟಿಗೆ ಗುಣಿಸಿದರೆ ಒಳಹೋಗುವುದೇ 414 ವಾಟ್. ಅದರಲ್ಲೂ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಪೆಟ್ಟಿಗೆಯ ಅಂಕಿ ಅರ್ಥವಾದ, ಫ್ಯೂಸಿನ ಅಂಕಿ ವಿಧಿವಾಕ್ಯ.

ಈಗ ಮುಖ್ಯ ವಿವಾದ. "ದೋಷ ಪೆಟ್ಟಿಗೆಯೊಳಗಿದೆ" ಎಂಬುದು ಪೂರ್ವಪಕ್ಷ. ಸ್ಕ್ರೂಡ್ರೈವರ್ ಹಿಡಿದ ಭಾವಂದಿರೆಲ್ಲ ಈ ಪಕ್ಷದವರು. "ದೋಷ ಅರ್ತಿನಲ್ಲಿದೆ" ಎಂಬುದು ಸಿದ್ಧಾಂತ. ಕಪ್ಪು ವಯರನ್ನು ಡಿಕ್ಕಿಯ ಬಾಡಿಗೆ ಬಿಗಿಯುವಾಗ ಪೇಂಟ್ ಕೆರೆದಿರುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಕರಾವಳಿಯ ಮಳೆ ಆ ಬೋಲ್ಟಿನ ಮೇಲೆ ತುಕ್ಕನ್ನೂ ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬನ್ನೂ ಬರೆದು ಮುಗಿಸುತ್ತದೆ. ಅಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗ ಅಡ್ಡಿ ಬೆಳೆದರೂ ಸಾಕು, 30 ಆಂಪಿಯರ್ ಎಳೆದಾಗ 3 ವೋಲ್ಟ್ ಅಲ್ಲೇ ಸೋರುತ್ತದೆ. 12.6 ಇದ್ದದ್ದು 9.6ಕ್ಕೆ ಇಳಿದು ಆಂಪ್ ಕಣ್ಣು ಕೆಂಪಾಗಿಸಿ ಮಲಗುತ್ತದೆ. ಹಾಡು ನಿಲ್ಲಿಸಿ ಮೀಟರ್ ಹಿಡಿದರೆ ಪೂರ್ತಿ 12.6 ಕಾಣುತ್ತದೆ! ಪೂರ್ವಪಕ್ಷದವರಿಗೆ ಧೈರ್ಯ ಬರುವುದು ಇಲ್ಲಿಂದಲೇ. ಆದುದರಿಂದ ಹಾಡು ಜೋರಾಗಿ ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವಿಗೂ ಇನ್ನೊಂದನ್ನು ಆಂಪಿನ ಅರ್ತ್ ಸ್ಕ್ರೂವಿಗೂ ಇಡತಕ್ಕದ್ದು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಮರಳುಕಾಗದ ತಂದು ಬಾಡಿಯನ್ನು ಲೋಹ ಹೊಳೆಯುವವರೆಗೆ ಉಜ್ಜತಕ್ಕದ್ದು. ಇದಕ್ಕೆ ಬಿಲ್ ಎಷ್ಟು ಹಾಕಬೇಕೆಂಬುದು ನೀತಿಶಾಸ್ತ್ರದ ವಿಷಯ, ಇಲ್ಲಿ ಬೇಡ.

ಅರ್ತ್ ಸರಿಯಿದ್ದೂ ಕೆಂಪು ಲೈಟ್ ಹೋಗದಿದ್ದರೆ ಸ್ಪೀಕರ್ ವಯರುಗಳನ್ನೆಲ್ಲ ಕಳಚಬೇಕು. ಆಗ ಲೈಟ್ ಹಸಿರಾದರೆ ಆಂಪ್ ನಿರಪರಾಧಿ. ಬಾಗಿಲಿನ ಸಂದಿಯಲ್ಲಿ ಜಜ್ಜಿದ ವಯರು ಬಾಡಿಗೆ ತಾಗುತ್ತಿರುತ್ತದೆ, ಇಲ್ಲವೇ ವೂಫರಿನ ಕಾಯಿಲ್ ಸುಟ್ಟಿರುತ್ತದೆ. ಮತ್ತೊಂದು ಎಚ್ಚರ: ಒಂದು ಕಾರಿನ ವಯರಿಂಗಿನಿಂದ ಇನ್ನೊಂದರದನ್ನು ಊಹಿಸಬಾರದು, 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಯ ಕಂಬಗಳಂತೆ ನಮ್ಮ ಕಾರುಗಳಲ್ಲೂ ಒಂದರ ಹಾಗೆ ಇನ್ನೊಂದಿಲ್ಲ.

ಎಲ್ಲ ಕಳಚಿದರೂ ಕೆಂಪೇ ಇದ್ದರೆ ಮಾತ್ರ ಪೆಟ್ಟಿಗೆ ಬಿಚ್ಚುವ ಅಧಿಕಾರ ಲಭಿಸುತ್ತದೆ. ಒಳಗೆ ಒಂದು ಪುಟ್ಟ ಐಸಿ, ಹೆಚ್ಚಾಗಿ ಟಿಎಲ್ 494, ಮಾಸ್ಫೆಟ್‌ಗಳನ್ನು ಸೆಕೆಂಡಿಗೆ ಸಾವಿರಾರು ಸಲ ಕುಟ್ಟಿ, ಬಳೆಯಾಕಾರದ ಟ್ರಾನ್ಸ್‌ಫಾರ್ಮರಿನಿಂದ 12 ವೋಲ್ಟನ್ನು ಏರಿಸುತ್ತದೆ. ಮಾಸ್ಫೆಟ್ಟಾಗಲಿ ಔಟ್‌ಪುಟ್ ಟ್ರಾನ್ಸಿಸ್ಟರಾಗಲಿ, ಕಾಲುಗಳ ನಡುವೆ ಮೀಟರ್ 'ಬೀಪ್' ಎಂದರೆ ಅದು ಸತ್ತಿದೆ. ಸತ್ತದ್ದರ ಜೋಡಿಯನ್ನೂ ಬದಲಿಸಬೇಕು. ಅಡಿಯ ಅಭ್ರಕದ ತೆಳುಹಾಳೆ ಮರೆತರೆ ಹೊಸದೂ ಅದೇ ಕ್ಷಣ ಸಾಯುತ್ತದೆ. ಮೊದಲ ಸಲ ಕರೆಂಟ್ ಕೊಡುವಾಗ ನಡುವೆ ಬ್ರೇಕ್ ಲೈಟಿನ ಬಲ್ಬೊಂದನ್ನು ಸೇರಿಸುವುದು ವಿವೇಕ: ಅದು ಪ್ರಖರವಾಗಿ ಉರಿದರೆ ಶಾರ್ಟ್ ಇನ್ನೂ ಉಳಿದಿದೆ.

ಪರೀಕ್ಷೆಗೆ ಯಾವ ಹಾಡು ಎಂಬುದರಲ್ಲಿ ಶಾಸ್ತ್ರಕಾರರಿಗೆ ಒಮ್ಮತವಿಲ್ಲ. ಯಕ್ಷಗಾನದ ಚೆಂಡೆಪೆಟ್ಟು ಎಂದು ಕೆಲವರು, ಸಿನಿಮಾ ಹಾಡಿನ ಬಾಸ್ ಎಂದು ಹಲವರು. ಗೈನ್ ತಿರುಪನ್ನು ಅರ್ಧಕ್ಕಿಂತ ಕೆಳಗಿಟ್ಟು "ಇದನ್ನು ಮುಟ್ಟಬೇಡಿ ಆಯ್ತಾ" ಎಂದು ಹೇಳಿ ಕಳಿಸಬೇಕೆಂಬುದರಲ್ಲಿ ಮಾತ್ರ ಎಲ್ಲರೂ ಒಂದೇ. ಬಿ.ಸಿ.ರೋಡಿನಿಂದ ಹೊರಟ ಬೆಳ್ತಂಗಡಿಯ ಗಿರಾಕಿ ಅದನ್ನು ವಗ್ಗ ದಾಟುವ ಮೊದಲೇ ಪೂರ್ತಿ ತಿರುಗಿಸಿರುತ್ತಾನೆ.