ವೈಪರ್ ಪಂಡಿತರು

ಮೃಗಶಿರಾ ಮಳೆ ಹಿಡಿಯುವವರೆಗೆ ವೈಪರ್ ಪಂಡಿತರನ್ನು ಗುರುತಿಸುವುದು ಕಷ್ಟ. ಬೇಸಿಗೆಯಲ್ಲಿ ಅವರೂ ಎಲ್ಲರಂತೆ ಅಡಿಕೆ ಧಾರಣೆ, ಚುನಾವಣೆ ಅಂತ ಮಾತಾಡಿಕೊಂಡಿರುತ್ತಾರೆ. ನಾಲ್ಕು ಹನಿ ಬಿದ್ದು ಯಾರದೋ ಕಾರಿನ ಗಾಜು ‘ಕಿರ್ರ್’ ಎಂದಿತೋ, ಪಂಚೆ ಎತ್ತಿ ಕಟ್ಟಿ ಹಾಜರು. ರಬ್ಬರಿನ ಅಂಚನ್ನು ಎರಡು ಬೆರಳಲ್ಲಿ ಸವರಿ, ಕಣ್ಣು ಮುಚ್ಚಿ, “ಇದು ರಬ್ಬರಿನ ದೋಷ ಅಲ್ಲ ಮಾರಾಯ, ಗಾಜಿಂದು” ಎಂದು ತೀರ್ಪು ಕೊಡುತ್ತಾರೆ. ಹೊಸದು ಹಾಕಿಸು ಎಂದು ಮಾತ್ರ ಹೇಳುವುದಿಲ್ಲ. ಅದು ಅಂಗಡಿಯವನ ಮಾತು, ಪಂಡಿತರಿಗೆ ಅವಮಾನ.

ತೀರ್ಥಹಳ್ಳಿಯ ನಮ್ಮ ಭಾವ ಈ ಪಂಥದ ಹಿರಿಯರು. ಬೀಡಿ ಬಿಚ್ಚಿ ತಂಬಾಕನ್ನು ಒದ್ದೆ ಗಾಜಿಗೆ ತಿಕ್ಕುವುದನ್ನು ಲಾರಿ ಡ್ರೈವರುಗಳಿಂದ ಕಲಿತಿದ್ದಾರೆ. ಬೀಡಿ ಮುಟ್ಟದವರಿಗೆ ಹೆಚ್ಚಿದ ಆಲೂಗಡ್ಡೆ. ಎರಡೂ ಸುಳ್ಳಲ್ಲ, ಗಾಜಿನ ಮೇಲೆ ತೆಳ್ಳನೆ ಪೊರೆ ಕೂತು, ನೀರು ಹನಿಗಟ್ಟದೆ ಸಮನಾಗಿ ಹರಡಿ ಇಳಿಯುತ್ತದೆ, ಸ್ವಲ್ಪ ಹೊತ್ತು ದಾರಿ ಕಾಣುತ್ತದೆ. ಆದರೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಆಗುಂಬೆಯಲ್ಲಿ ಆ ಸ್ವಲ್ಪ ಹೊತ್ತು ಯಾವ ಮೂಲೆಗೂ ಸಾಲದು. ಇನ್ನು ರಬ್ಬರಿಗೆ ಸೀಮೆಎಣ್ಣೆ ಸವರುವುದು ಅವರ ರಾಮಬಾಣ. ರಬ್ಬರ್ ಅವತ್ತಿಗೆ ಮೆತ್ತಗಾಗುತ್ತದೆ, ಆಮೇಲೆ ಉಬ್ಬಿ ಹರಿಯುತ್ತದೆ.

ಒಮ್ಮೆ ಉಡುಪಿಯಲ್ಲಿ ಮದುವೆ ಮುಗಿಸಿ, ಆರಿದ್ರಾ ಮಳೆಯಲ್ಲಿ ಸೋಮೇಶ್ವರ ದಾಟಿ ಘಾಟಿ ಹತ್ತುತ್ತಿದ್ದೆವು. 14 ಹೇರ್‌ಪಿನ್ ತಿರುವುಗಳಲ್ಲಿ ಇನ್ನೂ ಮೊದಮೊದಲಿನವು, ವೈಪರ್ ನಿಂತಿತು. ಮೋಟಾರು ಗುಂಯ್ ಅನ್ನುತ್ತಿದೆ, ಕಡ್ಡಿಗಳು ಅಲ್ಲಾಡುತ್ತಿಲ್ಲ. “ಲಿಂಕ್ ಕಳಚಿದೆ!” ಎಂದರು ಭಾವ. ದನಿಯಲ್ಲಿ ಹಿಗ್ಗು. ಡಿಕ್ಕಿಯಿಂದ ಸಣಬಿನ ಹುರಿ ಬಂತು. ಎಡಗಡೆ ವೈಪರಿಗೆ ಕಟ್ಟಿದ ಹುರಿ ಕಿಟಕಿಯಿಂದ ನನ್ನ ಕೈಗೆ; ಬಲಗಡೆಯದು ಹಿಂದಿನ ಕಿಟಕಿಯಿಂದ ಅಕ್ಕನ ಕೈಗೆ. “ನೀನು ಎಳೆದಾಗ ಅವಳು ಬಿಡ್ಲಿ, ಅವಳು ಎಳೆದಾಗ ನೀನು ಬಿಡು.” ರೇಷ್ಮೆ ಸೀರೆಯ ಅಕ್ಕ, ಬಾನೆಟ್ ತೆಗೆಯುವ ಹಿಡಿ ಎಲ್ಲಿದೆ ಎಂದೂ ತಿಳಿಯದ ನಾನು, ಇಬ್ಬರೂ ತೋಯುತ್ತ, ಕಡಗೋಲಿನ ಹಗ್ಗ ಜಗ್ಗುವವರ ಹಾಗೆ ಘಾಟಿಯುದ್ದಕ್ಕೂ ಮಜ್ಜಿಗೆ ಕಡೆದೆವು.

“1903ರಲ್ಲಿ ಅಮೆರಿಕದ ಮೇರಿ ಆಂಡರ್ಸನ್ ಪೇಟೆಂಟ್ ತಗೊಂಡ ವೈಪರನ್ನೂ ಒಳಗೆ ಕೂತು ಕೈಯಲ್ಲೇ ಆಡಿಸ್ಬೇಕಿತ್ತು, ಗೊತ್ತಾ?” ಎಂದರು ಭಾವ.

“ಅವಳು ರೇಷ್ಮೆ ಸೀರೆ ಉಟ್ಟಿರ್ಲಿಲ್ಲ ಬಿಡಿ,” ಎಂದಳು ಅಕ್ಕ.

ಬಯ್ಯೋಣವೆಂದರೆ ಮನಸ್ಸೂ ಬರುವುದಿಲ್ಲ. ಘಾಟಿಯಲ್ಲಿ ವೈಪರ್ ಕೆಟ್ಟು ನಿಂತ ಯಾರ ಕಾರು ಕಂಡರೂ, ಎಂಥ ಮಳೆಯಿದ್ದರೂ, ಭಾವ ಇಳಿಯದೆ ಮುಂದೆ ಹೋದವರಲ್ಲ. ಸಡಿಲವಾದ ನಟ್ಟು ಬಿಗಿಮಾಡಿ, ಕಾಸು ಮುಟ್ಟದೆ, ಬೇಕಾದ್ದಕ್ಕಿಂತ ಹೆಚ್ಚು ಉಪದೇಶ ಕೊಟ್ಟು ಬರುತ್ತಾರೆ.

ಹೀಗಿರುವಾಗ ಮಗ ಹೊಸ ಕಾರು ತಂದ. ಅದರ ಗಾಜಿನ ಹಿಂದೆ ಸೆನ್ಸರ್. ಕಣ್ಣಿಗೆ ಕಾಣದ ಬೆಳಕನ್ನು ಗಾಜಿನೊಳಗೆ ಬಿಟ್ಟು, ಹನಿ ಬಿದ್ದಾಗ ಮರಳಿ ಬರುವ ಬೆಳಕು ಎಷ್ಟು ತಗ್ಗಿತೆಂದು ಅಳೆದು, ವೈಪರನ್ನು ತಾನೇ ಆಡಿಸುತ್ತದೆ. ಶಿವಮೊಗ್ಗ ಮುಟ್ಟುವವರೆಗೂ ಭಾವ ಮಾತಾಡಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಒಳಗೆಲ್ಲ ಪ್ಲಾಸ್ಟಿಕ್ ಮುಚ್ಚಳ. ಪ್ಲಗ್ಗು ಒರೆಸಿ, ಕಾರ್ಬುರೇಟರ್ ಊದಿ ಮನೆ ಸೇರುತ್ತಿದ್ದವರ ಕಾಲ ಮುಗಿದಿತ್ತು. ಕೆಟ್ಟದ್ದನ್ನು ಕೈಯಿಂದ ಮುಟ್ಟಿ ತಿಳಿಯುತ್ತಿದ್ದವರಿಗೆ ಈಗಿನ ಕಾರಿನಲ್ಲಿ ಉಳಿದದ್ದು ಗಾಜಿನ ಮೇಲಿನ ಆ ಎರಡು ಕಡ್ಡಿ ಮಾತ್ರ. ಅವನ್ನೂ ಕಸಿದರೆ ಪಾಪ ಎಲ್ಲಿಗೆ ಹೋಗಬೇಕು?

ಪುಣ್ಯಕ್ಕೆ ರಬ್ಬರಿಗೆ ಸೆನ್ಸರಿನ ಹಂಗಿಲ್ಲ. ಬಿಸಿಲಿಗೆ ಅದು ಗಟ್ಟಿಯಾಗಲೇಬೇಕು. ಗಟ್ಟಿಯಾದ ಅಂಚು ಹೋಗಿ ಬರುವಾಗ ಮಗ್ಗುಲು ಬದಲಿಸಲಾಗದೆ ಕುಣಿಯಲೇಬೇಕು. ಹೊಸ ಕಾರೂ ಕುಣಿಯಿತು. ಮಗ ಚರ್ಚೆಗೆ ಆಸ್ಪದ ಕೊಡದೆ ಹೊಸ ಬ್ಲೇಡ್ ತರಿಸಿದ. ತಾವೇ ಹಾಕುವುದೆಂದು ಭಾವ ಹಟ ಹಿಡಿದರು. ಮೊದಲು ಟವೆಲನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಮೇಲೆ ಹಾಸಿದರು. ಬ್ಲೇಡಿಲ್ಲದ ಬರಿಯ ಕಡ್ಡಿ ಕೈಜಾರಿ ಬಡಿದರೆ ಗಾಜು ಬಿರಿಯುತ್ತದೆ. ಕೊಂಡಿ ಒತ್ತಿ ಹಳೆಯದನ್ನು ಜಾರಿಸಿ, ಹೊಸದನ್ನು ‘ಟಕ್’ ಎಂದು ಕೂರಿಸಿ, ನೀರೆರಚಿ ಆಡಿಸಿದರು. ಒಂದು ಗೆರೆಯಿಲ್ಲ. ನಾವೆಲ್ಲ ಹೊಗಳಿದೆವು.

ಭಾವ ಹಳೆಯ ಬ್ಲೇಡನ್ನು ಪೇಪರಿನಲ್ಲಿ ಸುತ್ತುತ್ತಿದ್ದರು. “ಸ್ವಲ್ಪ ಸೀಮೆಎಣ್ಣೆ ತೋರಿಸಿದ್ರೆ ಇದು ಇನ್ನೆರಡು ಮಳೆಗಾಲ ಬರ್ತಿತ್ತು,” ಎಂದರು.