ನ್ಯೂಟ್ರಲ್ ಮಹಾತ್ಮೆ

ವಾದಕ್ಕೆ ನಿಲ್ಲಲು ಲೋಕದಲ್ಲಿ ಇದಕ್ಕಿಂತ ಘನವಾದ ವಿಷಯಗಳು ಬೇಕಾದಷ್ಟಿವೆ. ಅದು ಗೊತ್ತಿದ್ದೂ ಹಳೆಯ ಕಾರಿನಲ್ಲಿ ಗೇರ್ ಬದಲಿಸುವುದನ್ನೇ ಹಿಡಿದುಕೊಂಡು ಕೂತಿದ್ದೇನೆ. ಸ್ವಲ್ಪ ನಾಚಿಕೆಯಿದೆ, ಬಿಡುವ ಮನಸ್ಸು ಮಾತ್ರ ಇಲ್ಲ. ನನ್ನ ವಾದ ಇಷ್ಟೆ: ಸದ್ದಿಲ್ಲದೆ, ಕುಲುಕಿಲ್ಲದೆ ಗೇರ್ ಬೀಳುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಫಸ್ಟಿನಲ್ಲೂ ಅಲ್ಲ, ಸೆಕೆಂಡಿನಲ್ಲೂ ಅಲ್ಲ, ಟಾಪಿನಲ್ಲೂ ಅಲ್ಲ, ಅವುಗಳ ನಡುವೆ ಯಾರ ಗಣನೆಗೂ ಬಾರದೆ ಬಿದ್ದಿರುವ ನ್ಯೂಟ್ರಲ್ಲಿನಲ್ಲಿ. ಜನ ನ್ಯೂಟ್ರಲ್ ಎಂದರೆ ಸಿಗ್ನಲ್ಲಿನಲ್ಲಿ ಎಡಗಾಲಿಗೆ ವಿಶ್ರಾಂತಿ ಕೊಡುವ ಜಾಗ ಅಂದುಕೊಂಡಿದ್ದಾರೆ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸುವ ಉಪಾಯ ಎಂದು ನಂಬಿ ಬ್ರೇಕು ಸುಟ್ಟುಕೊಂಡವರೂ ಉಂಟು. ಇಂಥ ಅನಾದರಕ್ಕೆ ಗುರಿಯಾದ ಸ್ಥಾನವೇ ಇಡೀ ಗೇರ್‌ಬಾಕ್ಸಿನ ಮಾನ ಕಾಯುತ್ತಿದೆ ಎಂದು ತೋರಿಸುವುದು ಈ ಬರಹದ ಉದ್ದೇಶ.

ಮೊದಲು ಸಾಕ್ಷ್ಯ. ಒಂದರ ಪಕ್ಕ ಇನ್ನೊಂದು ಜಾರಿ ಕಚ್ಚಿಕೊಳ್ಳುವ ಹಲ್ಲುಚಕ್ರಗಳ ಗೇರ್‌ಬಾಕ್ಸನ್ನು 1890ರ ದಶಕದಲ್ಲಿ ಕಾರಿಗೆ ಕೂರಿಸಿ ಚಾಲ್ತಿಗೆ ತಂದವರಲ್ಲಿ ಮುಖ್ಯನಾದವನು ಫ್ರಾನ್ಸಿನ ಎಮಿಲ್ ಲೆವಾಸೋರ್. ‘ಒರಟೇ ಸರಿ, ಆದರೆ ನಡೆಯುತ್ತದೆ’ ಎಂದು ಆತ ತನ್ನ ಸೃಷ್ಟಿಯ ಬಗ್ಗೆ ಹೇಳಿದನೆಂದು ಪ್ರತೀತಿ. ಅದೇ ಮನುಷ್ಯ 1895ರಲ್ಲಿ ಪ್ಯಾರಿಸ್ಸಿನಿಂದ ಬೋರ್ಡೋಗೆ ಹೋಗಿ ಬರುವ ಸುಮಾರು 1,200 ಕಿಲೋಮೀಟರ್ ಪಂದ್ಯವನ್ನು 49 ಗಂಟೆಯೊಳಗೆ ಮುಗಿಸಿ ಎಲ್ಲರಿಗಿಂತ ಮೊದಲು ಬಂದ. ಅಂದರೆ ಒರಟುತನವನ್ನು ಎರಡು ದಿನ, ಎರಡು ರಾತ್ರಿ ಅನುಭವಿಸಿಯೇ ಆ ಮಾತಿಗೆ ಅರ್ಹನಾದವನು. ಒರಟುತನದ ಕಾರಣ ಸರಳ. ಒಂದು ಚಕ್ರ ಎಂಜಿನ್ನಿನ ಲೆಕ್ಕದಲ್ಲಿ ತಿರುಗುತ್ತಿದೆ, ಇನ್ನೊಂದು ಹಿಂದಿನ ಗಾಲಿಗಳ ಲೆಕ್ಕದಲ್ಲಿ. ಎರಡರ ವೇಗವೂ ಹೊಂದದೆ ಹಲ್ಲಿಗೆ ಹಲ್ಲು ಕೊಟ್ಟರೆ ‘ಗರ್ರ್’ ಎಂಬ ಆ ಪ್ರಸಿದ್ಧ ಉದ್ಗಾರ ಹೊರಡುತ್ತದೆ. ಬೀದಿಗೆ ಬೀದಿಯೇ ತಿರುಗಿ ನೋಡುತ್ತದೆ. ಹೊರಟ ಬಸ್ಸನ್ನು ಹತ್ತುವವನು ಒಂದಷ್ಟು ದೂರ ಅದರ ಜೊತೆಗೇ ಓಡಿ, ಬಸ್ಸಿನ ವೇಗವೂ ತನ್ನ ವೇಗವೂ ಒಂದಾದಾಗ ಫುಟ್‌ಬೋರ್ಡಿಗೆ ಕಾಲಿಡುತ್ತಾನಲ್ಲ, ಹಲ್ಲುಚಕ್ರವೂ ಹಾಗೆಯೇ ಓಡಿ ಹತ್ತಬೇಕು. ಆ ಓಟಕ್ಕೆ ಇರುವ ಜಾಗವೇ ನ್ಯೂಟ್ರಲ್.

ಇಲ್ಲಿ ಜಾಣರೊಬ್ಬರು ಕೇಳುತ್ತಾರೆ: ಕ್ಲಚ್ ಇರುವುದು ಯಾಕೆ? ಒತ್ತಿ ಹಿಡಿದು ಗೇರ್ ತಳ್ಳಿದರಾಯಿತು! ಎಡಗಡೆ ಸೀಟಿನಲ್ಲಿ ಕೂತು ‘ಕ್ಲಚ್ ಪೂರ್ತಿ ಒತ್ತಿ ಸಾರ್’ ಎಂದು ಉಪದೇಶಿಸುವವರೆಲ್ಲ ಇದೇ ಪಂಥದವರು. ಗೇರ್ ಕಿರುಚಿದಾಗ ಅದರ ಜೊತೆ ಅವರೂ ಕಿರುಚುವುದರಿಂದ ಯಾವ ಹಲ್ಲೂ ಉಳಿದದ್ದಿಲ್ಲ. ಲೆಕ್ಕ ಹಾಕಿ ನೋಡೋಣ. ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 1,600 ಸುತ್ತು ತಿರುಗುತ್ತಿದೆ, ಥರ್ಡ್ ಗೇರಿನ ಅನುಪಾತ ಟಾಪಿನ ಒಂದೂವರೆ ಪಟ್ಟು ಎನ್ನಿ. ಕಾರು ಅದೇ ವೇಗದಲ್ಲಿ ಥರ್ಡಿಗೆ ಇಳಿಯಬೇಕಾದರೆ ಎಂಜಿನ್ 2,400 ಸುತ್ತಿಗೆ ಏರಬೇಕು. ಎಂಜಿನ್ ಮಾತ್ರವಲ್ಲ, ಗೇರ್‌ಬಾಕ್ಸಿನೊಳಗೆ ಅದರ ಜೊತೆ ತಿರುಗುವ ಚಕ್ರಗಳೂ ಏರಬೇಕು. ಕ್ಲಚ್ ಒತ್ತಿ ಹಿಡಿದರೆ ಆ ಚಕ್ರಗಳಿಗೂ ಎಂಜಿನ್ನಿಗೂ ಸಂಬಂಧ ಕಡಿದುಹೋಗುತ್ತದೆ. ದಿಕ್ಕಿಲ್ಲದ ಚಕ್ರ ತನ್ನಷ್ಟಕ್ಕೆ ನಿಧಾನವಾಗಬಲ್ಲದು, ತನ್ನಷ್ಟಕ್ಕೆ ಜೋರಾಗಲಾರದು. ಆದ್ದರಿಂದ ಮೇಲಿನ ಗೇರಿಗೆ ಹೋಗುವಾಗ ಒಂದೇ ಸಲ ಕ್ಲಚ್ ಒತ್ತಿ ತಾಳ್ಮೆಯಿಂದ ಕಾದರೆ ಹೇಗೋ ನಿಭಾಯಿಸಬಹುದು. ಬಾಕ್ಸಿನಲ್ಲಿರುವ ಗಟ್ಟಿ ಎಣ್ಣೆಯೇ ಚಕ್ರವನ್ನು ಹಿಡಿದು ನಿಧಾನಿಸುತ್ತದೆ. ಕೆಳಗಿನ ಗೇರಿಗೆ ಬರುವಾಗ ಆ ಉಪಾಯವಿಲ್ಲ. ನ್ಯೂಟ್ರಲ್ಲಿಗೆ ತಂದು, ಒತ್ತಿದ ಕ್ಲಚ್ಚನ್ನು ಬಿಟ್ಟು, ಎಂಜಿನ್ನಿಗೆ ಒಮ್ಮೆ ರೇಸ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ನಮ್ಮ ಡ್ರೈವರುಗಳು ಡಬಲ್ ಕ್ಲಚ್ ಎನ್ನುವುದು ಇದನ್ನೇ. ಇದರಲ್ಲಿ ನಿಜವಾದ ಕೆಲಸವೆಲ್ಲ ನಡೆಯುವುದು ಎರಡು ಒತ್ತುಗಳ ನಡುವೆ, ಕಾಲು ಕ್ಲಚ್ಚಿನ ಮೇಲಿಲ್ಲದ ಹೊತ್ತಿನಲ್ಲಿ.

ಆ ಹೊತ್ತು ಒಂದು ಸೆಕೆಂಡೂ ಇರುವುದಿಲ್ಲ. ಆದರೂ ಅದನ್ನು ಎಳೆದು ನೋಡುವಂತಿದೆ. 1920ರ ದಶಕದ ಬೆಂಟ್ಲಿ 3 ಲೀಟರ್ ಕಾರೊಂದು ಇಂಗ್ಲೆಂಡಿನ ಯಾವುದೋ ಏರು ಹತ್ತುತ್ತಿದೆ ಎನ್ನಿ. ಅದರಲ್ಲಿ ಗೇರ್ ಲಿವರ್ ಇರುವುದು ಬಲಗೈ ಕಡೆ. ಎಕ್ಸಲರೇಟರ್ ಇರುವುದು ನಡುವೆ. ನಮ್ಮ ಕಾಲು ಜನ್ಮಾಭ್ಯಾಸದಿಂದ ಎಕ್ಸಲರೇಟರ್ ಹುಡುಕುವ ಜಾಗದಲ್ಲಿ ಬ್ರೇಕು ಕೂತಿದೆ. ಟಾಪಿನಲ್ಲಿ ಎಂಜಿನ್ ಏದುಸಿರು ಬಿಡುತ್ತಿದೆ. ಎಡಗಾಲು ಕ್ಲಚ್ ಒತ್ತಿತು, ಬಲಗೈ ಲಿವರನ್ನು ನ್ಯೂಟ್ರಲ್ಲಿಗೆ ಎಳೆಯಿತು. ಈಗ ಎಂಜಿನ್ನು ಎಂಜಿನ್ನಿನ ಪಾಡಿಗೆ, ಗಾಲಿ ಗಾಲಿಯ ಪಾಡಿಗೆ. ಡ್ರೈವರ್ ಕ್ಲಚ್ ಬಿಟ್ಟ. ಪಕ್ಕದಲ್ಲಿ ಕೂತವನ ಎದೆ ಧಸಕ್ಕೆಂದಿತು: ಗೇರೇ ಬಿದ್ದಿಲ್ಲ, ಕ್ಲಚ್ ಬಿಟ್ಟನಲ್ಲ! ನಡುವಿನ ಪೆಡಲಿಗೆ ಒಂದು ಮೊಟಕು ಬಿತ್ತು. ಎಂಜಿನ್ನಿನ ಸ್ವರ ಏರಿತು, ಇನ್ನೂ ಏರಿತು. ಎಲ್ಲಿಯವರೆಗೆ ಏರಬೇಕು? 2,400 ಎಂದು ಲೆಕ್ಕ ಹಾಕಿದ್ದೆವು. ಆದರೆ ಏರಿನಲ್ಲಿ ಕಾರು ಕ್ಷಣಕ್ಷಣಕ್ಕೂ ವೇಗ ಕಳೆದುಕೊಳ್ಳುತ್ತಿದೆ. ಹಾಗಾಗಿ ಬೇಕಾದದ್ದು 2,300, ಅಷ್ಟರಲ್ಲಿ 2,250. ಬೆಳಿಗ್ಗೆ ಎಣ್ಣೆ ತಣ್ಣಗಿದ್ದಾಗಿನ ಲೆಕ್ಕ ಬೇರೆ, ಮಧ್ಯಾಹ್ನ ಕಾದ ಮೇಲಿನ ಲೆಕ್ಕ ಬೇರೆ. ಕಣ್ಣು ರಸ್ತೆಯ ಮೇಲಿರಬೇಕಾದ್ದರಿಂದ ಮೀಟರ್ ನೋಡುವಂತಿಲ್ಲ. ಉಳಿದದ್ದು ಕಿವಿ ಒಂದೇ. ಏರಿದ ಸ್ವರ ಇಳಿಯತೊಡಗಿದೆ. ಬೇಕಾದ ಜಾಗಕ್ಕೆ ಅದು ಬರುವ ಮುಂಚೆ ತಳ್ಳಿದರೆ ಗರ್ರ್, ದಾಟಿದ ಮೇಲೆ ತಳ್ಳಿದರೂ ಗರ್ರ್. ತಳ್ಳದೇ ಇದ್ದರೆ ಕಾರು ಅತ್ತ ಟಾಪೂ ಅಲ್ಲದೆ ಇತ್ತ ಥರ್ಡೂ ಅಲ್ಲದೆ ತೇಲಿ, ನಿಂತು, ಹಿಂದಕ್ಕೆ ಜಾರುವ ಆಲೋಚನೆ ಮಾಡುತ್ತದೆ. ಸರಿಯಾದ ಘಳಿಗೆಯಲ್ಲಿ ಮಾತ್ರ ಎರಡು ಬೆರಳಿನ ಒತ್ತಡಕ್ಕೇ ಲಿವರ್ ಒಳಗೆ ಹೋಗುತ್ತದೆ. ಏನೂ ಕೇಳಿಸುವುದಿಲ್ಲ. ಇಷ್ಟೆಲ್ಲ ಸಾಹಸದ ಫಲ ಏನೂ ಕೇಳಿಸದಿರುವುದು. ಆದ್ದರಿಂದ ಅದನ್ನು ಮೆಚ್ಚುವವರೂ ಯಾರೂ ಇರುವುದಿಲ್ಲ.

ಎರಡನೆಯ ಆಕ್ಷೇಪಣೆ ಸಿಂಕ್ರೋಮೆಶ್ ಕಡೆಯವರದು. ಅರ್ಲ್ ಥಾಂಪ್ಸನ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ ಈ ಏರ್ಪಾಡು 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅಲ್ಲಿಗೆ ನ್ಯೂಟ್ರಲ್ಲಿನ ಮಹಿಮೆ ಮುಗಿಯಿತು ಎಂಬುದು ಅವರ ವಾದ. ಮುಗಿಯಲಿಲ್ಲ ಎಂಬುದಕ್ಕೆ ಸಿಂಕ್ರೋಮೆಶ್ಶೇ ಸಾಕ್ಷಿ. ಅದು ಮಾಡುವುದಾದರೂ ಏನು? ಹಲ್ಲು ಹಲ್ಲಿಗೆ ತಾಗುವ ಮುನ್ನ ಶಂಕುವಿನಾಕಾರದ ಎರಡು ಮುಖಗಳು ಒಂದಕ್ಕೊಂದು ಉಜ್ಜಿ, ಎರಡೂ ಕಡೆಯ ವೇಗವನ್ನು ಸಮ ಮಾಡುತ್ತವೆ. ಆಮೇಲೆ ಗೇರ್ ಬೀಳುತ್ತದೆ. ಮನುಷ್ಯ ಕಿವಿಗೊಟ್ಟು ಕಾಯುತ್ತಿದ್ದ ಕೆಲಸವನ್ನು ಲೋಹ ಮೈ ಸವೆಸಿಕೊಂಡು ಮಾಡುತ್ತದೆ, ಅಷ್ಟೆ. ಲೋಹ ಸವೆದುಹೋದ ದಿನ ಆ ಕೆಲಸ ಮತ್ತೆ ಮನುಷ್ಯನ ಪಾಲಿಗೇ ಬರುತ್ತದೆ. ಅದೂ ಅಲ್ಲದೆ ಬಹುಕಾಲ ಎಲ್ಲ ಗೇರಿಗೂ ಸಿಂಕ್ರೋಮೆಶ್ ಇರಲೇ ಇಲ್ಲ. ಯುದ್ಧಕಾಲದ ವಿಲಿಸ್ ಜೀಪಿನ ಮೂರು ಗೇರುಗಳಲ್ಲಿ ಫಸ್ಟಿಗೆ ಇರಲಿಲ್ಲ. ನಮ್ಮ ಹಳೆಯ ಅಂಬಾಸಿಡರಿನ ನಾಲ್ಕರಲ್ಲೂ ಫಸ್ಟಿಗೆ ಇರಲಿಲ್ಲ. ಆಗುಂಬೆಯ 14 ತಿರುವುಗಳಲ್ಲೊಂದರಲ್ಲಿ, ಮನೆಮಂದಿಯನ್ನೆಲ್ಲ ತುಂಬಿಕೊಂಡ ಅಂಬಾಸಿಡರ್ ಸೆಕೆಂಡಿನಲ್ಲಿ ಎಳೆಯಲಾರದೆ ತೊದಲುವಾಗ, ಸ್ಟಿಯರಿಂಗಿನ ಪಕ್ಕದ ಹ್ಯಾಂಡ್ ಗೇರನ್ನು ಓಡುತ್ತಿರುವಂತೆಯೇ ಫಸ್ಟಿಗೆ ತರಲು ಬೇಕಾಗುತ್ತಿದ್ದದ್ದು ಲೆವಾಸೋರನ ಕಾಲದ ವಿದ್ಯೆಯೇ.

ಮೂರನೆಯ ಆಕ್ಷೇಪಣೆಗೆ ಉತ್ತರ ಕೊಡುವುದು ಕಷ್ಟ, ಯಾಕೆಂದರೆ ಅದು ನ್ಯಾಯವಾದದ್ದು. ಹಳೆಯ ಲಾರಿ ಡ್ರೈವರುಗಳು ತುಟಿಯಲ್ಲಿ ಬೀಡಿ ಕಚ್ಚಿಕೊಂಡು, ಕ್ಲೀನರನನ್ನು ಬೈಯುತ್ತಲೇ, ಘಾಟಿಯುದ್ದಕ್ಕೂ ಡಬಲ್ ಕ್ಲಚ್ ಮಾಡುತ್ತಿದ್ದರು. ಅವರು ಪ್ರಬಂಧ ಬರೆಯಲಿಲ್ಲ. ಸರಿಯೇ. ಆದರೆ ಇದರಿಂದ ನನ್ನ ವಾದಕ್ಕೆ ಬಲ ಬರುತ್ತದೆಯೇ ಹೊರತು ನಷ್ಟವಿಲ್ಲ: ವಿದ್ಯೆ ಇದ್ದದ್ದು ಕಿವಿಯಲ್ಲಿ, ಪುಸ್ತಕದಲ್ಲಲ್ಲ. ಇಲ್ಲಿಯೇ ನಗು ತುಸು ಹಿಂದೆ ಸರಿಯುತ್ತದೆ. ವಿಂಟೇಜ್ ಕಾರಿನ ನಯವಾದ ಓಟವನ್ನು ನಾವು ಕಾರಿನ ಹೆಸರಿಗೋ ಒಡೆಯನ ಹೆಸರಿಗೋ ಬರೆದುಕೊಂಡಿದ್ದೇವೆ. ರೋಲ್ಸ್ ರಾಯ್ಸ್ ಕಂಪನಿ ಷೋಫರ್‌ಗಳಿಗೆಂದೇ ಶಾಲೆ ನಡೆಸುತ್ತಿತ್ತು. ತನ್ನ ಕಾರಿನ ಕೀರ್ತಿ ಇರುವುದು ಸಂಬಳದ ಮನುಷ್ಯನ ಎಡಗಾಲಿನಲ್ಲಿ ಎಂಬುದು ಅದಕ್ಕೆ ತಿಳಿದಿತ್ತು. ಹಿಂದಿನ ಸೀಟಿನಲ್ಲಿ ಕೂತ ಮಹಾರಾಜರ, ಲಾರ್ಡುಗಳ ಫೋಟೋಗಳು ಬೇಕಾದಷ್ಟಿವೆ. ಅವರ ಕಾಫಿ ತುಳುಕದಂತೆ ಗೇರ್ ಹಾಕಿದವರ ಹೆಸರು ಫೋಟೋದ ಕೆಳಗಿರುವುದು ಅಪರೂಪ. ಗರ್ರ್ ಎಂದಾಗ ಬೈಗುಳ ಡ್ರೈವರಿನದು, ಎನ್ನದಿದ್ದಾಗ ಹೊಗಳಿಕೆ ಕಾರಿನದು. ಇದು ಆ ಕಾಲದ ನ್ಯಾಯವೆಂದು ತಳ್ಳಿಹಾಕುವಷ್ಟು ಹಳೆಯ ಸಂಗತಿಯೇನೂ ಅಲ್ಲ.

ಕೊನೆಯದು ಆಟೋಮ್ಯಾಟಿಕ್ ಇರುವಾಗ ಈ ಒದ್ದಾಟ ಯಾಕೆ ಎಂಬ ಪ್ರಶ್ನೆ. ಸಿಂಕ್ರೋಮೆಶ್ ತಂದ ಥಾಂಪ್ಸನ್ನನೇ ಮುಂದೆ ಹೈಡ್ರಾಮ್ಯಾಟಿಕ್ ಎಂಬ ಪೂರ್ಣ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೆಲಸಕ್ಕೂ ಮುಂದಾಳಾದ. ಅದು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂತು. ಮೊದಲು ನಮ್ಮ ಕಿವಿಗೆ ರಜೆ ಕೊಟ್ಟ, ಆಮೇಲೆ ಎಡಗಾಲಿಗೂ ಕೊಟ್ಟ. ಆಫೀಸಿಗೆ, ಆಸ್ಪತ್ರೆಗೆ, ಮದುವೆಗೆ ಹೋಗುವವರು ಧಾರಾಳವಾಗಿ ಅದರಲ್ಲೇ ಹೋಗಲಿ. ನನ್ನ ವಾದ ಅವರ ಮೇಲಲ್ಲ. ಹಿತ್ತಾಳೆ ದೀಪಗಳನ್ನು ಥಳಥಳಿಸಿ, ಕಾರನ್ನು ಟ್ರೈಲರ್ ಮೇಲೆ ಹೇರಿಕೊಂಡು ರ‍್ಯಾಲಿಗೆ ತಂದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಮತ್ತೆ ಟ್ರೈಲರಿಗೇ ಹತ್ತಿಸುವವರ ಮೇಲೆ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ ವಿಎ ಅಕ್ಷರಗಳ ವಿಶೇಷ ನಂಬರ್ ಪ್ಲೇಟು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ನಿಯಮಕ್ಕೆ ಒಂದೇ ತಿದ್ದುಪಡಿ ಸೂಚಿಸುತ್ತೇನೆ. ಪ್ಲೇಟು ಕೊಡುವ ಮುನ್ನ ಒಡೆಯರೇ ಸ್ಟಿಯರಿಂಗ್ ಹಿಡಿದು, ಏರಿನಲ್ಲಿ, ಟಾಪಿನಿಂದ ಥರ್ಡಿಗೆ ಸದ್ದಿಲ್ಲದೆ ಇಳಿದು ತೋರಿಸಬೇಕು. ನಿವೃತ್ತ ಲಾರಿ ಡ್ರೈವರೊಬ್ಬರನ್ನು ಪರೀಕ್ಷಕರಾಗಿ ಹಿಂದಿನ ಸೀಟಿನಲ್ಲಿ ಕೂರಿಸಬೇಕು. ಗರ್ರ್ ಎಂದಾಗ ಬೈಯುವ ಪೂರ್ಣ ಅಧಿಕಾರ ಅವರಿಗಿರಲಿ. 20,000ದಲ್ಲಿ ಒಂದು ಪಾಲೂ ಅವರಿಗೇ ಸಲ್ಲಲಿ.