ಫಾರಿನ್ ಅಪ್ಪ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಯಾವ ಮಿರ್ಚಿ-ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಕೂತರೂ ಒಬ್ಬ ಫಾರಿನ್ ಅಪ್ಪ ಸಿಕ್ಕೇ ಸಿಗುತ್ತಾರೆ. ನಮ್ಮ ಕೊಟ್ಟೂರಿನವರನ್ನೇ ನೋಡಿ. ಮಗನಿಗೆ ನೀಟ್‌ನಲ್ಲಿ ಸರ್ಕಾರಿ ಸೀಟಿಗಾಗುವಷ್ಟು ಅಂಕ ಬರಲಿಲ್ಲ. ಇಲ್ಲಿನ ಖಾಸಗಿ ಕಾಲೇಜಿನ ಫೀಸು ಕೇಳಿ ಅಪ್ಪನ ಬಿಪಿ ಏರಿತು. ಎರಡೆಕರೆ ಮಾರಿ ಮಗನನ್ನು ಫಿಲಿಪ್ಪೀನ್ಸ್‌ಗೆ ಡಾಕ್ಟರಿಕೆ ಓದಲು ಕಳಿಸಿದರು. ಈಗ ಮಗ ಮನಿಲಾದಲ್ಲಿ ಒಬ್ಬರ ಮನೆಯಲ್ಲಿದ್ದುಕೊಂಡು ಓದುತ್ತಿದ್ದಾನೆ. ಅಪ್ಪ ಕೊಟ್ಟೂರಿನಲ್ಲಿದ್ದುಕೊಂಡು ಮನಿಲಾದಲ್ಲಿ ಬದುಕುತ್ತಿದ್ದಾರೆ.

ಅವರ ಕೈಗಡಿಯಾರ ಎರಡೂವರೆ ತಾಸು ಮುಂದಿದೆ. ಸಂಜೆ ಏಳಕ್ಕೇ "ಒಂಬತ್ತೂವರಿ ಆತು, ಆ ಮನಿಯವ್ರು ಮಲಗೋ ಹೊತ್ತು" ಎಂದು ದನಿ ತಗ್ಗಿಸುತ್ತಾರೆ. ಮಳೆಯಿಲ್ಲದೆ ಸ್ವಂತ ಹೊಲದ ಶೇಂಗಾ ಬಾಡುತ್ತಿದ್ದರೂ ಅವರ ಚಿಂತೆ ಪೆಸಿಫಿಕ್ ಸಾಗರದ್ದು. "ಸಿಗ್ನಲ್ ಎರಡು ಹಾಕ್ಯಾರ, ಕಾಲೇಜು ಬಂದ್!" ಆ ದೇಶದತ್ತ ವರ್ಷಕ್ಕೆ ಸುಮಾರು 20 ಚಂಡಮಾರುತ ನುಗ್ಗುತ್ತವೆ, ಎಚ್ಚರಿಕೆಯ ಸಿಗ್ನಲ್ಲು ಒಂದರಿಂದ ಐದರವರೆಗೆ ಏರುತ್ತದೆ ಎಂಬುದು ಅವರ ಕೃಪೆಯಿಂದ ಊರಿನ ಹಮಾಲರಿಗೂ ಗೊತ್ತು.

ಒಮ್ಮೆ ಭೂಪಟ ಹರಡಿ, ಕೊಟ್ಟೂರಿಗೆ ಸ್ಕೇಲಿಟ್ಟು ಮೂಡಣಕ್ಕೆ ಗೆರೆ ಎಳೆದರು. ಅದು ಮನಿಲಾದ ತಲೆ ಸವರಿಕೊಂಡು ಹೋಯಿತು. ಕೊಟ್ಟೂರು 14.8 ಡಿಗ್ರಿ ಉತ್ತರ, ಮನಿಲಾ 14.6. "ಒಂದೇ ಸಾಲಿನ ಹೊಲ ನೋಡ್ರಿ. ನಡುವ ಒಂಚೂರು ಸಮುದ್ರ ಬಂದೈತಿ, ಅಷ್ಟ."

ಮಗನಿರುವ ಮನೆಯೊಡತಿ ಈಗ ಇವರ ತಂಗಿ. ವಿಡಿಯೋ ಕಾಲಿನಲ್ಲಿ "ಏನವ್ವ, ಊಟ ಆತಾ?" ಎಂದು ಕನ್ನಡದಲ್ಲೇ ವಿಚಾರಿಸುತ್ತಾರೆ; ಆಕೆ ನಕ್ಕು ತಲೆಯಾಡಿಸುತ್ತಾಳೆ. ಆಕೆ ಮಾಡುವ ಪಿನಕ್ಬೆತ್ ಪಲ್ಯಕ್ಕೆ ಹಾಗಲ, ಬದನೆ, ಬೆಂಡೆ, ಕುಂಬಳ, ಎಲ್ಲ ನಮ್ಮ ಸಂತೆಯಲ್ಲಿ ಸಿಗುವವೇ. ಜೊತೆಗೆ ಉಪ್ಪು ಹಾಕಿ ಹುಳಿಸಿದ ಸಿಗಡಿಯ ಗೊಜ್ಜೂ ಬೀಳುತ್ತದೆಂಬ ಸಂಗತಿ ಅಪ್ಪ-ಮಗನ ನಡುವೆಯೇ ಉಳಿದಿದೆ. ಹೆಂಡತಿ ಅನುಮಾನಪಟ್ಟರೆ "ಅಲ್ಲೀ ಹುಣಸಿಹಣ್ಣೇ ಹಂಗ, ವಾಸನಿ ಬ್ಯಾರೆ" ಎನ್ನುತ್ತಾರೆ.

ರಜೆಗೆ ಬಂದ ಮಗ ಬಾಯಿ ತೆರೆಯುವುದು ಮಿರ್ಚಿಗೆ ಮಾತ್ರ. ಯಾರಾದರೂ ಅಲ್ಲಿಯ ಸುದ್ದಿ ಕೇಳಿದರೆ ಅಪ್ಪನತ್ತ ಕೈ ತೋರಿಸುತ್ತಾನೆ. ಅಪ್ಪ ಶುರು: "ಮಹಾಯುದ್ಧ ಮುಗಿದ ಮ್ಯಾಲೆ ಅಮೆರಿಕದ ಮಿಲಿಟ್ರಿಯವ್ರು ಬಿಟ್ಟುಹೋದ ಜೀಪು ಉದ್ದ ಮಾಡಿ ಜೀಪ್ನಿ ಅಂತ ಓಡಿಸಿದ್ರು. ಹಿಂದ ಕುಂತವ್ರು ಕೊಟ್ಟ ದುಡ್ಡು ಕೈಯಿಂದ ಕೈಗೆ ದಾಟಿ ಡ್ರೈವರ್ಗೆ ಮುಟ್ಟತೈತಿ. ನಮ್ಮ ಹಡಗಲಿ ಕ್ರೂಸರಿನಾಗ ಮುಟ್ಟತೈತೇನು?"

ಬೆಂಚಿನ ಮೇಲೆ ಕೊಂಕಿನವನೊಬ್ಬ ಇದ್ದೇ ಇರುತ್ತಾನೆ. "ಬಂದ ಮ್ಯಾಲೆ ಇಲ್ಲಿ ಡಾಕ್ಟರಿಕಿ ಮಾಡಾಕ ಎಫ್‌ಎಂಜಿಇ ಪರೀಕ್ಷಿ ಬರೀಬೇಕಲ್ರೀ? 300ಕ್ಕ 150 ಬಂದ್ರ ಪಾಸಂತಲ್ಲ?"

"ಹೌದೌದು" ಎನ್ನುತ್ತ ಅಪ್ಪ ಆಕಾಶ ನೋಡುತ್ತಾರೆ. "ಮನಿಲಾದಾಗ ಮೋಡ ಭಾಳ ಆಗ್ಯಾವ."

ಈಗ ಕಿರಿಯವನನ್ನು ಜಾರ್ಜಿಯಾಕ್ಕೆ ಕಳಿಸುವ ಮಾತು ನಡೆದಿದೆ. ಅಲ್ಲಿ ಹಿಮ ಬೀಳುತ್ತದೆಂದು ತಿಳಿದಂದಿನಿಂದ ಅಪ್ಪನಿಗೆ ನೆಗಡಿ. ಮೊನ್ನೆ ಮೇ ತಿಂಗಳ ರಣಬಿಸಿಲಲ್ಲಿ ಹರಪನಹಳ್ಳಿಗೆ ಹೋಗಿ ಮಂಕಿ ಟೋಪಿ, ಸ್ವೆಟರು ಕೇಳಿದರಂತೆ. ಅಂಗಡಿಯವನು "ಹುಡುಗನ ಅಳತಿ ಎಷ್ಟ್ರೀ?" ಎಂದ.

"ಹುಡುಗಂದು ಆಮ್ಯಾಲೆ ನೋಡೋಣಂತ. ಮೊದ್ಲು ನಂದು ತೆಗಿ."